ಬಳ್ಳಾರಿಯಿಂದ ಬೆಲುಂ ಗುಹೆಗೆ: ನಸುಕಿಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆಗೆ

ಹಿಂದಿನ ದಿನ

ಅಡುಗೆಮನೆ ಕಟ್ಟೆಯ ಕಡಪ ಕಲ್ಲಿನ ಮೇಲೆ ರಾತ್ರಿ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಬೆಳಿಗ್ಗೆ ಆ ಜಾಗ ಬಿಳಿಚಿಕೊಂಡಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹುಳಿ ಕಲ್ಲಿನ ಮೇಲ್ಪದರವನ್ನೇ ತಿಂದುಹಾಕಿರುತ್ತದೆ. ಹುಣಸೆಹುಳಿ ಚೆಲ್ಲಿದರೂ ಅದೇ ಗತಿ. ಕಡಪ ಕಲ್ಲು ಅಂದರೆ ಸುಣ್ಣದ ಕಲ್ಲು. ಬೆಲುಂ ಗುಹೆ ಹುಟ್ಟಿದ್ದೂ ಇದೇ ರೀತಿಯಲ್ಲಿ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ, ಕಲ್ಲಿನ ಬಿರುಕಿಗೆ ಇಳಿಯುತ್ತದೆ, ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಒಳಗೆ ಕಾಣುವ ಪ್ರತಿ ಗೋಡೆಯೂ ತಾನಾಗಿ ಅರ್ಥವಾಗುತ್ತದೆ. ಇಲ್ಲದಿದ್ದರೆ ಬಣ್ಣದ ಲೈಟು ನೋಡಿಕೊಂಡು ಬೆವರು ಒರೆಸುತ್ತಾ ಹೊರಬರುವುದಷ್ಟೇ.

ಗುಹೆ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ. 2022ರವರೆಗೆ ಅದು ಕರ್ನೂಲು ಜಿಲ್ಲೆ. ನಕ್ಷೆಯಲ್ಲಿ ಬಳ್ಳಾರಿಯಿಂದ ಬಲಕ್ಕೆ ಅಡ್ಡಗೆರೆ ಎಳೆದರೆ ಹೆಚ್ಚುಕಡಿಮೆ ಗುಹೆಯ ಮೇಲೆಯೇ ಹೋಗುತ್ತದೆ, ಎರಡೂ ಒಂದೇ ಅಕ್ಷಾಂಶದಲ್ಲಿವೆ. ರಸ್ತೆ ಮಾತ್ರ ಸ್ವಲ್ಪ ಸುತ್ತು: ಬಳ್ಳಾರಿಯಿಂದ ಗುಂತಕಲ್ಲಿನ ಮೇಲೆ ಗುತ್ತಿಗೆ ಸುಮಾರು 80 ಕಿ.ಮೀ., ಗುತ್ತಿಯಿಂದ ಆಗ್ನೇಯಕ್ಕೆ ಇಳಿದು ತಾಡಿಪತ್ರಿಗೆ ಸುಮಾರು 50, ಅಲ್ಲಿಂದ ಉತ್ತರಕ್ಕೆ ತಿರುಗಿ ಬೆಲುಂಗೆ ಸುಮಾರು 30. ಹೋಗಿಬರಲು 320, ಊರೊಳಗಿನ ಓಡಾಟ ಸೇರಿ 340 ಅಂತ ಹಿಡಿಯಿರಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 23 ಲೀಟರ್ ಬೇಕು. ಗಡಿ ದಾಟಿದರೆ ಪೆಟ್ರೋಲ್ ಬೆಲೆ ಕರ್ನಾಟಕಕ್ಕಿಂತ ಜಾಸ್ತಿ, ಹಾಗಾಗಿ ಬಳ್ಳಾರಿಯಲ್ಲೇ ಟ್ಯಾಂಕ್ ತುಂಬಿಸಿಬಿಡಿ.

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದೇ ಅಂತ ಬಹಳ ಜನ ಕೇಳುತ್ತಾರೆ. ಅನಂತಪುರ, ತಾಡಿಪತ್ರಿ ಮೇಲೆ ಒಂದು ಕಡೆಗೇ ಸುಮಾರು 300 ಕಿ.ಮೀ. ಆಗುತ್ತದೆ. ಗುಹೆಯಲ್ಲಿ ಎರಡು ಗಂಟೆ ಬೆವರಿ ಬಂದ ಮೇಲೆ ರಾತ್ರಿ ಹೆದ್ದಾರಿಯಲ್ಲಿ ಅಷ್ಟು ದೂರ ಓಡಿಸುವುದು ಬೇಡ. ಇಬ್ಬರು ಡ್ರೈವರ್ ಇಲ್ಲದಿದ್ದರೆ ಅನಂತಪುರದಲ್ಲೋ ತಾಡಿಪತ್ರಿಯಲ್ಲೋ ರಾತ್ರಿ ಉಳಿಯುವ ಲೆಕ್ಕದಲ್ಲೇ ಹೊರಡಬೇಕು.

ಟೈರಿನ ಗಾಳಿಯನ್ನು ಹಿಂದಿನ ಸಂಜೆಯೇ, ಕಾರು ಓಡದೆ ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್ ಮೇಲಿದೆ. ಐದು ಜನ ಕೂರುವುದಾದರೆ ಫುಲ್ ಲೋಡ್ ಅಂತ ಬರೆದ ಸಾಲನ್ನು ಓದಿ. ಸ್ಟೆಪ್ನಿಗೂ ಗಾಳಿ ಹಿಡಿಸಿ, ಜಾಕ್ ತಿರುಗುತ್ತದೆಯೇ ನೋಡಿ. ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ತಾಡಿಪತ್ರಿ ಸುತ್ತಮುತ್ತ ಚಪ್ಪಡಿ ಕಲ್ಲು ಕೊಯ್ಯುವ ಫ್ಯಾಕ್ಟರಿಗಳು ಒತ್ತೊತ್ತಾಗಿವೆ. ಲಾರಿಯಿಂದ ಉದುರಿದ ಕಲ್ಲಿನ ಚೂರು ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ. ಅದು ಗುಂಡುಕಲ್ಲಲ್ಲ, ಪದರ ಪದರವಾಗಿ ಸೀಳಿದ, ಅಂಚು ಹರಿತವಾದ ಕಲ್ಲು. ಡಾಂಬರು ಬಿಟ್ಟು ಮಣ್ಣಿಗೆ ಇಳಿಸಿದರೆ ಟೈರಿನ ಪಕ್ಕೆಯನ್ನೇ ಸೀಳುತ್ತದೆ, ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ.

ವೈಪರಿನ ನೀರಿನ ಡಬ್ಬಿಯನ್ನೂ ತುಂಬಿಸಿಕೊಳ್ಳಿ. ಸಿಮೆಂಟು ಫ್ಯಾಕ್ಟರಿಗಳ ಹತ್ತಿರ ಗಾಜಿನ ಮೇಲೆ ಬೂದು ಪುಡಿ ಕೂರುತ್ತದೆ. ಒಣ ಗಾಜಿನ ಮೇಲೆ ವೈಪರ್ ಹಾಕಿದರೆ ಗಾಜು ಗೀರಿಬಿಡುತ್ತದೆ, ಆಮೇಲೆ ಸಂಜೆ ಬಿಸಿಲಿಗೆ ಎದುರಾಗಿ ಬರುವಾಗ ಆ ಗೀರುಗಳೇ ಮಿಂಚಿ ರಸ್ತೆ ಕಾಣದಂತೆ ಮಾಡುತ್ತವೆ. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು ಕೈಗೆ ಸಿಗುವಂತಿರಲಿ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಪರ್ಮಿಟ್ ಬೇಡ. ಹಳದಿ ಬೋರ್ಡಿನ ಬಾಡಿಗೆ ಗಾಡಿ ಆದರೆ ಆಂಧ್ರದ ಪರ್ಮಿಟ್ಟು, ತೆರಿಗೆ ಕಟ್ಟಿರುವ ರಸೀದಿ ಇದೆಯೇ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಗಡಿಯಲ್ಲಿ ನಿಂತು ಕೇಳಿದರೆ ಒಂದು ಗಂಟೆ ಅಲ್ಲೇ ಹೋಯಿತು.

ಬ್ಯಾಗಿಗೆ ಹಾಕಬೇಕಾದ್ದು ಕಡಿಮೆ: ತಲೆಗೆ ಒಂದು ಲೀಟರ್ ನೀರು, ಇಬ್ಬರಿಗೆ ಒಂದು ಟಾರ್ಚು, ಒಂದೊಂದು ಹತ್ತಿಯ ಟವೆಲ್ಲು, ಬದಲಿಗೆ ಒಂದು ಅಂಗಿ, ಮಧ್ಯಾಹ್ನಕ್ಕೆ ಮೊಸರನ್ನದ ಬುತ್ತಿ. ಬಟ್ಟೆ ಹತ್ತಿಯದೇ ಆಗಲಿ, ಸೀರೆಗಿಂತ ಚೂಡಿದಾರ್ ಅನುಕೂಲ. ಕಾಲಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಶೂ. ಒಳಗಿನ ಜೇಡಿ ಒದ್ದೆಯಾದಾಗ ಸೋಪಿನ ಹಾಗೆ ಜಾರುತ್ತದೆ, ಸವೆದ ಚಪ್ಪಲಿ ಹಾಕಿದವರೇ ಮೊದಲು ಬೀಳುವುದು.

ಹೊರಡುವ ದಿನ

ಐದೂವರೆಗೆ ಮನೆ ಬಿಡಬೇಕು. ದಾರಿ ಹೆಚ್ಚಾಗಿ ಪೂರ್ವಕ್ಕೆ ಇರುವುದರಿಂದ ಸೂರ್ಯ ಹುಟ್ಟಿದ ಮೇಲೆ ಒಂದೂವರೆ ಗಂಟೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಬೇಗ ಹೊರಟಷ್ಟೂ ಗುಂತಕಲ್ಲಿನವರೆಗಿನ ದಾರಿ ಹಿತ. ಸಂಜೆ ಬರುವಾಗ ಇದೇ ಬಿಸಿಲು ಮತ್ತೆ ಎದುರಿಗೆ ಬರುತ್ತದೆ, ಅದರ ಲೆಕ್ಕವನ್ನು ಮುಂದೆ ನೋಡೋಣ.

ಇದು ಗದಗ, ಕೊಪ್ಪಳ, ಹೊಸಪೇಟೆ ಕಡೆಯಿಂದ ಬರುವ 67ನೇ ರಾಷ್ಟ್ರೀಯ ಹೆದ್ದಾರಿ. ಗಡಿ ದಾಟಿದರೂ ಊರು ಬದಲಾದ ಹಾಗೆ ಅನ್ನಿಸುವುದಿಲ್ಲ. ಅದೇ ಕಪ್ಪು ಎರೆಹೊಲ, ಅದೇ ಮೆಣಸಿನಕಾಯಿ, ಹತ್ತಿ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಗುತ್ತಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಗುತ್ತಿಯಲ್ಲಿ ತಿಂಡಿಗೆ ಇಳಿದರೂ ಇದು ಗೊತ್ತಾಗುತ್ತದೆ. ನಮ್ಮ ಕಡೆಯ ವಗ್ಗಾಣಿ-ಮಿರ್ಚಿ ಅಲ್ಲಿ ಉಗ್ಗಾನಿ-ಬಜ್ಜಿ. ಆದರೆ ಎರಡೇ ಬಜ್ಜಿಗೆ ನಿಲ್ಲಿಸಿ, ಇಡ್ಲಿ ಶೇಂಗಾ ಚಟ್ನಿ ತಿಂದರೆ ಇನ್ನೂ ಒಳ್ಳೆಯದು. ಎಣ್ಣೆ ತಿಂದು ತುಂಬಿದ ಹೊಟ್ಟೆಯಲ್ಲಿ ಗುಹೆಗೆ ಇಳಿದವರಿಗೆ ಅರ್ಧ ದಾರಿಯಲ್ಲೇ ಹೊಟ್ಟೆ ತೊಳೆಸುತ್ತದೆ.

ಗುತ್ತಿ ಕೋಟೆ ರಸ್ತೆಗೇ ಕಾಣುತ್ತದೆ. ಹತ್ತುವ ಆಸೆ ಬೇಡ, ಅದಕ್ಕೇ ಒಂದು ದಿನ ಬೇಕು. ಕಾರಿನಿಂದಲೇ ಆ ಬೆಟ್ಟದ ಕಲ್ಲನ್ನು ಚೆನ್ನಾಗಿ ನೋಡಿಕೊಳ್ಳಿ: ಉರುಟು ಉರುಟು ಬಂಡೆ, ಒಂದರ ಮೇಲೊಂದು ಪೇರಿಸಿದ ಹಾಗೆ. ಬಳ್ಳಾರಿಯ ಕೋಟೆ ಗುಡ್ಡದ ಜಾತಿಯದೇ, ಗ್ರಾನೈಟು. ಹುಳಿ ನೀರಿಗೆ ಅದು ಹೀಗೆ ಕರಗುವುದಿಲ್ಲ. ಈ ಕಲ್ಲಿನ ನಾಡಿನಲ್ಲಿ ಬಂಡೆಗಳ ಸಂದಿಯಲ್ಲಿ ಗವಿ ಸಿಗುತ್ತದೆಯೇ ಹೊರತು ಕಿಲೋಮೀಟರುಗಟ್ಟಲೆ ಸುರಂಗ ಸಿಗುವುದಿಲ್ಲ. ತಾಡಿಪತ್ರಿ ಹತ್ತಿರವಾಗುತ್ತಿದ್ದಂತೆ ಆ ಬಂಡೆಗಳು ಮಾಯವಾಗುತ್ತವೆ. ನೆಲ ಚಪ್ಪಟೆ, ಹೊಲದ ಬದುವಿಗೂ ಮನೆಯ ಗೋಡೆಗೂ ಪುಸ್ತಕ ಜೋಡಿಸಿದ ಹಾಗೆ ಇಟ್ಟ ತೆಳು ಚಪ್ಪಡಿ. ಸುಣ್ಣದ ಕಲ್ಲಿನ ಸೀಮೆ ಬಂತು ಅಂತ ಯಾವ ಬೋರ್ಡೂ ಹೇಳಬೇಕಾಗಿಲ್ಲ.

ತಾಡಿಪತ್ರಿ ತಲುಪುವಾಗ ಎಂಟೂಕಾಲು. ಗುಹೆಯ ಟಿಕೆಟ್ ಕೌಂಟರ್ ಸಾಮಾನ್ಯವಾಗಿ ತೆರೆಯುವುದು 10ಕ್ಕೆ, ಮುಚ್ಚುವುದು ಸಂಜೆ 5ಕ್ಕೆ. ನಡುವೆ ಉಳಿದ ಒಂದು ಗಂಟೆಯನ್ನು ಪೆನ್ನಾ ನದಿ ದಂಡೆಯ ಬುಗ್ಗ ರಾಮಲಿಂಗೇಶ್ವರನಿಗೆ ಕೊಡಿ. ವಿಜಯನಗರದ ಕಾಲದ ಗುಡಿ, ಗೋಪುರಗಳು ಅರ್ಧಕ್ಕೇ ನಿಂತಿವೆ. ಪೂರ್ತಿಯಾಗದ ಆ ಗೋಪುರಗಳ ಬುಡದ ಕೆತ್ತನೆಯಷ್ಟು ಸೂಕ್ಷ್ಮವಾದದ್ದನ್ನು ಹಂಪಿಯಲ್ಲೂ ಹುಡುಕಬೇಕು. ಬುಗ್ಗ ಅಂದರೆ ನಮ್ಮ ಬುಗ್ಗೆಯೇ, ಲಿಂಗದ ಬುಡದಲ್ಲಿ ನೀರು ಜಿನುಗುತ್ತದೆ. ಈ ಸೀಮೆಯಲ್ಲಿ ನೆಲದ ಕೆಳಗೆ ನೀರು ತನ್ನದೇ ದಾರಿ ಮಾಡಿಕೊಂಡು ಓಡಾಡುತ್ತದೆ ಅನ್ನುವುದಕ್ಕೆ ಗುಹೆಗಿಂತ ಮೊದಲು ಸಿಗುವ ಗುರುತು ಇದು. ಮಧ್ಯಾಹ್ನ ಬಂದರೆ ಗರ್ಭಗುಡಿ ಮುಚ್ಚಿರುತ್ತದೆ, ಹಾಗಾಗಿ ಬೆಳಿಗ್ಗೆಯೇ ಸರಿ.

ತಾಡಿಪತ್ರಿಯಿಂದ ಮುಂದಿನ 30 ಕಿ.ಮೀ.ಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕಲ್ಲು, ಸಿಮೆಂಟು ಹೊತ್ತ ಲಾರಿಗಳು ನಿಧಾನ. ಹಿಂದಿಕ್ಕುವ ಆತುರ ಬೇಡ, ಧೂಳಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ಲಾರಿಯ ಹಿಂದೆ ಇರುವಷ್ಟು ಹೊತ್ತು ಎಸಿಯನ್ನು ಒಳಗಾಳಿಗೆ ಹಾಕಿಡಿ.

ಗುಹೆ ಇರುವ ಜಾಗ ನೋಡಿದರೆ ಮೊದಲು ನಿರಾಸೆಯೇ ಆಗುತ್ತದೆ. ಬೆಟ್ಟದ ಬಾಯಿ ಅಂತ ಏನೂ ಇಲ್ಲ. ದೊಡ್ಡ ಬುದ್ಧನ ವಿಗ್ರಹ ದೂರದಿಂದ ಕಾಣುತ್ತದೆ, ಒಂದು ಕಾಲದಲ್ಲಿ ಬೌದ್ಧ, ಜೈನ ಸನ್ಯಾಸಿಗಳು ಇಲ್ಲಿ ಇದ್ದರೆಂಬ ಕಾರಣಕ್ಕೆ ನಿಲ್ಲಿಸಿದ್ದು. ಗುಹೆಯ ಬಾಯಿ ಅಂದರೆ ಸಮತಟ್ಟು ನೆಲದಲ್ಲಿ ಬಾವಿಯಂತೆ ಕುಸಿದ ಮೂರು ಗುಂಡಿಗಳು, ನಡುವಿನದೇ ದಾರಿ. ಬೆಲುಂ ಅನ್ನುವ ಹೆಸರು ಬಂದದ್ದು ಸಂಸ್ಕೃತದ ಬಿಲದಿಂದ. ಇಲಿಯ ಬಿಲ, ಹಾವಿನ ಬಿಲ ಅನ್ನುವ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು 1884ರಲ್ಲಿ ದಾಖಲೆಗೆ ತಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಲೋಕಕ್ಕೆ ತಿಳಿಸಿದವರೂ ಅವರೇ. ಆಮೇಲೆ ಸುಮಾರು ನೂರು ವರ್ಷ ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ. 1982-83ರಲ್ಲಿ ಡೇನಿಯಲ್ ಗೆಬಾವರ್ ನಾಯಕತ್ವದ ಜರ್ಮನ್ ತಂಡ ಒಳಹೊಕ್ಕು ವಿವರವಾಗಿ ಅಳೆಯಿತು. ಒಟ್ಟು ಉದ್ದ 3,229 ಮೀಟರ್. ಮೇಘಾಲಯದ ಗುಹೆಗಳು ಇದಕ್ಕಿಂತ ಎಷ್ಟೋ ಉದ್ದ, ಆದರೆ ಬಯಲುಸೀಮೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆಂಧ್ರ ಪ್ರವಾಸೋದ್ಯಮ ನಿಗಮ ಕೆಸರು ತೆಗೆಸಿ, ದಾರಿ, ಮೆಟ್ಟಿಲು, ದೀಪ ಮಾಡಿಸಿ 2002ರಲ್ಲಿ ಜನರಿಗೆ ತೆರೆಯಿತು. ನಡೆಯಲು ಬಿಡುವುದು ಸುಮಾರು ಒಂದೂವರೆ ಕಿ.ಮೀ.

ಕಾರಿನಿಂದ ಇಳಿದವರು ಒಮ್ಮೆಗೇ ಒಳಗೆ ನುಗ್ಗಬಾರದು. ಎಸಿಯಲ್ಲಿ ತಣ್ಣಗಾದ ಕ್ಯಾಮೆರಾ, ಕನ್ನಡಕ ಗುಹೆಯ ತೇವದ ಗಾಳಿಗೆ ಬಂದ ಕೂಡಲೇ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒರೆಸಿದರೆ ಹೋಗುತ್ತದೆ, ಎರಡು ನಿಮಿಷಕ್ಕೆ ಮತ್ತೆ ಬರುತ್ತದೆ. ಗಾಜು ಬೆಚ್ಚಗಾಗದೆ ಅದು ನಿಲ್ಲುವುದಿಲ್ಲ. ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯದೆ ಇಪ್ಪತ್ತು ನಿಮಿಷ ಹೊರಗೆ ನೆರಳಿನಲ್ಲಿ ಇಡಿ. ಆ ಹೊತ್ತಿನಲ್ಲಿ ಟಿಕೆಟ್ ತೆಗೆದುಕೊಳ್ಳಿ, ಶೌಚಾಲಯಕ್ಕೆ ಹೋಗಿಬನ್ನಿ, ಅರ್ಧ ಲೀಟರ್ ನೀರು ಕುಡಿಯಿರಿ.

ಗುಹೆ ಅಂದರೆ ತಂಪು ಅನ್ನುವ ಎಣಿಕೆ ಇಲ್ಲಿ ಸುಳ್ಳಾಗುತ್ತದೆ. ಆಳದ ಗುಹೆಯ ಗಾಳಿ ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶದ ಸುತ್ತಮುತ್ತಲೇ ಇರುತ್ತದೆ. ರಾಯಲಸೀಮೆಯ ಸರಾಸರಿಯೇ ಬೆಚ್ಚಗೆ. ಜೊತೆಗೆ ತೇವ. ಮೈಯಿಂದ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹತ್ತು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅಲ್ಲಲ್ಲಿ ಮೇಲಿನಿಂದ ಗಾಳಿ ಬಿಡುವ ವ್ಯವಸ್ಥೆ ಇದೆ. ಗಾಳಿ ಬೀಳುವ ಕಡೆ ಎರಡು ನಿಮಿಷ ನಿಂತು ಮುಂದೆ ಹೋಗಿ. ಅಸ್ತಮಾ, ಹೃದಯದ ತೊಂದರೆ ಇರುವವರು, ಇಕ್ಕಟ್ಟಿನಲ್ಲಿ ದಿಗಿಲಾಗುವವರು ಬಾಗಿಲ ಹತ್ತಿರದ ಭಾಗಗಳನ್ನಷ್ಟೇ ನೋಡಿ ಬರಲಿ. ತಲೆಸುತ್ತು ಬಂದವರನ್ನು ಆಳದಿಂದ ಮೇಲೆ ತರುವುದು ಸುಲಭವಲ್ಲ, ಕೆಲವು ಕಡೆ ಇಬ್ಬರು ಅಕ್ಕಪಕ್ಕ ನಡೆಯುವುದೇ ಕಷ್ಟ. ಹಬ್ಬದ ರಜೆಗಳಲ್ಲಿ, ಭಾನುವಾರಗಳಲ್ಲಿ ಒಳಗೆ ಜನ ಹೆಚ್ಚಾದಷ್ಟೂ ಉಸಿರು ಕಟ್ಟಿದ ಹಾಗಾಗುತ್ತದೆ. ವಾರದ ನಡುವಿನ ದಿನ, ಬಾಗಿಲು ತೆರೆದ ಮೊದಲ ಗಂಟೆ, ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಗುಂಡಿಯ ಮೆಟ್ಟಿಲು ಸುಮಾರು 20 ಮೀಟರ್ ಇಳಿದ ಮೇಲೆ ದಾರಿ ಅಡ್ಡಕ್ಕೆ ತಿರುಗುತ್ತದೆ. ಒಂದು ಕಡೆ ನಿಂತು ಗೋಡೆ ನೋಡಿ. ಚಪ್ಪಡಿ ಮೇಲೆ ಚಪ್ಪಡಿ ಇಟ್ಟ ಪದರಗಳು, ಅವನ್ನೆಲ್ಲ ಒಟ್ಟಿಗೆ ಸವರಿ ನೀರು ನುಣ್ಣಗೆ ಮಾಡಿದೆ. ಕೆಲವು ಕಡೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಗ್ಗುಗಳು. ಸೌಟಿನಾಕಾರದ ಇಂಥ ತಗ್ಗು ಚಿಕ್ಕದಾಗಿದ್ದಷ್ಟೂ ಅಲ್ಲಿ ನೀರು ಜೋರಾಗಿ ಹರಿದಿತ್ತು ಅಂತ ಅರ್ಥ, ಅಗಲವಾಗಿದ್ದರೆ ನಿಧಾನವಾಗಿ. ತಲೆ ಎತ್ತಿದರೆ ಚಾವಣಿಯಲ್ಲೂ ಬೋಗುಣಿ ಕವುಚಿದ ಹಾಗೆ ಗುಳಿಗಳಿವೆ. ಒಂದು ಕಾಲಕ್ಕೆ ಸುರಂಗ ಮೇಲಿನವರೆಗೂ ನೀರು ತುಂಬಿಕೊಂಡಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಬಹಳ ಜನ ಈ ಗೋಡೆಗಳನ್ನು ನೋಡದೆಯೇ ಮುಂದಿನ ಬೋರ್ಡಿಗೆ ಓಡುತ್ತಾರೆ. ನಿಜವಾದ ಗುಹೆ ಇರುವುದು ಬೋರ್ಡುಗಳ ನಡುವೆ.

ಬೋರ್ಡುಗಳ ಹೆಸರು ತೆಲುಗಿನವು, ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಸಿಂಹದ್ವಾರ ಸಹಜವಾಗಿ ಆದ ಕಮಾನು. ಧ್ಯಾನಮಂದಿರ ಬಾಗಿಲಿಗೆ ಹತ್ತಿರ, ಅಲ್ಲಿನ ಕಲ್ಲು ದಿಂಬು ಹಾಕಿದ ಹಾಸಿಗೆಯ ಹಾಗಿದೆ. ವೇಯಿ ಪಡಗಲು ಅಂದರೆ ಸಾವಿರ ಹೆಡೆ, ಚಾವಣಿಯ ತುಂಬ ನಾಗರಹೆಡೆಯಂಥ ಆಕಾರಗಳು. ಊಡಲಮರ್ರಿ ಅಂದರೆ ಬಿಳಲು ಬಿಟ್ಟ ಆಲದ ಮರ. ಕೋಟಿಲಿಂಗಾಲು ಭಾಗದಲ್ಲಿ ಮೇಲಿನಿಂದ ಇಳಿದ ಕೋಡು, ಕೆಳಗಿನಿಂದ ಬೆಳೆದ ದಿಬ್ಬ ಕೂಡಿ ಒಂದು ದೊಡ್ಡ ಕಂಬವೇ ಆಗಿದೆ. ಇಲ್ಲಿ ನಡೆದಿರುವುದು ಕರಗುವುದರ ಉಲ್ಟಾ ಕೆಲಸ. ಸುಣ್ಣ ಕರಗಿಸಿಕೊಂಡ ನೀರಿನ ಹನಿ ಚಾವಣಿಗೆ ಬಂದು ಗಾಳಿಗೆ ತೆರೆದುಕೊಂಡಾಗ ಒಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಹುಳಿ ಕಡಿಮೆಯಾದ ನೀರು ಅಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳಲಾರದು, ಚೂರು ಅಲ್ಲೇ ಬಿಟ್ಟು ಕೆಳಗೆ ಬೀಳುತ್ತದೆ. ತುದಿಯಲ್ಲಿ ಹನಿ ಇರುವ ಕೋಡು ಕಂಡರೆ ಒಂದು ನಿಮಿಷ ನಿಂತು ನೋಡಿ. ಹನಿ ದುಂಡಗಾಗುತ್ತದೆ, ಉದ್ದವಾಗುತ್ತದೆ, ದೀಪದ ಬೆಳಕು ಅದರಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ, ಆಮೇಲೆ ಕಳಚುತ್ತದೆ. ಆ ಕೋಡು ಒಂದು ಸೆಂಟಿಮೀಟರ್ ಬೆಳೆಯಲು ನೂರಾರು ವರ್ಷವೇ ಹಿಡಿಯಬಹುದು. ದಯವಿಟ್ಟು ಮುಟ್ಟಬೇಡಿ. ಕೈಯ ಎಣ್ಣೆಜಿಡ್ಡು ಅಂಟಿದರೆ ನೀರು ಅಲ್ಲಿ ಸುಣ್ಣ ಕೂರಿಸುವುದಿಲ್ಲ, ಜಾಗ ಕಪ್ಪಾಗುತ್ತದೆ, ಬೆಳವಣಿಗೆ ನಿಂತುಹೋಗುತ್ತದೆ.

ಇದೇ ಕಾರಣಕ್ಕೆ ಸಪ್ತಸ್ವರ ಗುಹೆಯಲ್ಲಿ ಬಡಿದು ನೋಡುವ ಅಭ್ಯಾಸ ಸಂಕಟ ತರುತ್ತದೆ. 2006ರಲ್ಲಿ ತೆರೆದ ಭಾಗ ಅದು, ಅಲ್ಲಿನ ಕೋಡುಗಳಿಗೆ ತಟ್ಟಿದರೆ ಲೋಹದ ನಾದ ಬರುತ್ತದೆ, ನಿಜ. ಜೊತೆಗೆ ಬಂದ ಮಕ್ಕಳೂ ಕೋಲು ಹುಡುಕುತ್ತಾರೆ. ಬೇರೆಯವರು ತಟ್ಟಿದ್ದು ಕಿವಿಗೆ ಬಿದ್ದಷ್ಟೇ ಸಾಕು, ಮಕ್ಕಳ ಕೈ ಹಿಡಿದುಕೊಳ್ಳಿ.

ತಗ್ಗು ಚಾವಣಿ ಬಂದಲ್ಲಿ ತಲೆ ಒಡೆದುಕೊಳ್ಳುವವರು ಹೆಚ್ಚಾಗಿ ಮುಂದೆ ಚಾಚಿದ ಟೋಪಿ ಹಾಕಿದವರು. ಆ ಚಾಚು ಮೇಲಿನ ಕಲ್ಲನ್ನು ಕಣ್ಣಿಗೆ ಮರೆಮಾಡುತ್ತದೆ. ಟೋಪಿ ತಿರುಗಿಸಿ ಹಾಕಿ ಅಥವಾ ಟವೆಲ್ ಸುತ್ತಿಕೊಳ್ಳಿ. ಬಗ್ಗುವಾಗ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿದರೆ ಮರುದಿನ ಸೊಂಟ ಹಿಡಿಯುವುದಿಲ್ಲ. ಫೋಟೋಗೆ ಫ್ಲ್ಯಾಶ್ ಹಾಕಬೇಡಿ, ಗಾಳಿಯಲ್ಲಿ ತೇಲುವ ತೇವ, ಧೂಳು ಬೆಳಕನ್ನು ತಿರುಗಿ ಎಸೆದು ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತದೆ. ಮೊಬೈಲನ್ನು ರೇಲಿಂಗಿಗೆ ಒತ್ತಿಹಿಡಿದು ನೈಟ್ ಮೋಡಿನಲ್ಲಿ ಎರಡು ಸೆಕೆಂಡು ಉಸಿರು ಹಿಡಿದರೆ ಗೋಡೆಯ ಪದರವೂ ಬರುತ್ತದೆ.

ಪಾತಾಳಗಂಗೆಯನ್ನು ಕೊನೆಗೆ ಇಟ್ಟುಕೊಳ್ಳಿ. ಗುಹೆಯ ಎಲ್ಲಕ್ಕಿಂತ ಆಳದ ಜಾಗ, ಬಾಗಿಲಿನ ಮಟ್ಟದಿಂದ 46 ಮೀಟರ್ ಕೆಳಗೆ. ಮೆಟ್ಟಿಲು ಒದ್ದೆ, ಇಳಿಯುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ, ಮೊಬೈಲು ಜೇಬಿನಲ್ಲಿರಲಿ. ಕೆಳಗೆ ಸಣ್ಣ ತೊರೆ ಆಗ್ನೇಯದಿಂದ ವಾಯವ್ಯಕ್ಕೆ ಹರಿದು ನೆಲದೊಳಗೆ ಮರೆಯಾಗುತ್ತದೆ. ಎರಡು ಕಿ.ಮೀ. ದೂರದ ಬೆಲುಂ ಊರಿನ ಬಾವಿಗೆ ಅದೇ ನೀರು ಹೋಗುತ್ತದೆ ಅನ್ನುವುದು ಅಲ್ಲಿಯವರ ನಂಬಿಕೆ. ನೀರು ನೋಡಲು ಚಿಕ್ಕದು, ಆದರೆ ಮೇಲೆ ನಡೆದು ಬಂದ ಅಷ್ಟೂ ಸುರಂಗ ಕೊರೆದದ್ದು ಇಂಥ ನೀರೇ. ಈ ಜಾಗದಲ್ಲಿ ಗುಂಪು ಸುಮ್ಮನಿದ್ದರೆ ಹರಿಯುವ ಸದ್ದು ಕೇಳುತ್ತದೆ.

ಕರೆಂಟು ಹೋಯಿತು ಅಂದರೆ ನಿಂತಲ್ಲೇ ನಿಲ್ಲಿ. ಟಾರ್ಚು ಹಚ್ಚಿ ಕಾಲ ಬುಡಕ್ಕೆ ಬಿಡಿ, ಎದುರಿನವರ ಮುಖಕ್ಕಲ್ಲ. ಕತ್ತಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟವರೇ ಜಾರಿ ಬೀಳುವುದು, ದೀಪ ಬರುವವರೆಗೆ ಕಾದವರಿಗೆ ಏನೂ ಆಗುವುದಿಲ್ಲ. ಜೋರು ಮಳೆಯಾದ ವಾರದಲ್ಲಿ ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಒಳಗಿನ ಸೆಕೆಯಿಂದ ಹೊರಗಿನ ಉರಿಬಿಸಿಲಿಗೆ ಬಂದರೆ ಉಸಿರಾಡಲು ನೆರಳೂ ಸಿಗದು.

ಎರಡೂಕಾಲು ಗಂಟೆ ಕೊಟ್ಟರೆ ಅವಸರವಿಲ್ಲದೆ ನೋಡಿ ಹನ್ನೆರಡೂಮುಕ್ಕಾಲಿಗೆ ಹೊರಗಿರಬಹುದು. ಮೊದಲು ನೀರು, ಆಮೇಲೆ ಅಂಗಿ ಬದಲಿಸುವುದು, ಆಮೇಲೆ ಬುತ್ತಿ. ನಿಗಮದ ಹರಿತಾ ಹೋಟೆಲು ಪಕ್ಕದಲ್ಲೇ ಇದೆ, ಆದರೂ ಬುತ್ತಿ ಇದ್ದವರಿಗೆ ಕಾಯುವ ತಾಪತ್ರಯವಿಲ್ಲ. ಮೊಸರನ್ನದ ಜೊತೆ ಉಪ್ಪಿನಕಾಯಿ ಮರೆಯಬೇಡಿ, ಬೆವರಿನಲ್ಲಿ ಹೋದ ಉಪ್ಪು ವಾಪಸ್ಸು ಬರಬೇಕು. ಊಟವಾದ ಮೇಲೆ ಡ್ರೈವರ್ ಅರ್ಧ ಗಂಟೆ ಕಣ್ಣು ಮುಚ್ಚಲಿ.

ಎರಡು ಗಂಟೆಗೆ ಬಿಟ್ಟರೆ ನಾಲ್ಕಕ್ಕೆ ಗುತ್ತಿ, ಚಹಾ ಕುಡಿದು ಆರರ ಒಳಗೆ ಬಳ್ಳಾರಿ. ಮೂರೂವರೆಗೆ ಹೊರಟವರಿಗೆ ಗುಂತಕಲ್ಲಿನಿಂದಾಚೆ ಮುಳುಗುವ ಸೂರ್ಯ ಗಾಜಿನ ನಡುವಿಗೇ ಬಂದು ಕೂರುತ್ತದೆ, ದನ, ಕುರಿಮಂದೆ ಮನೆಗೆ ಮರಳುವ ಹೊತ್ತೂ ಅದೇ. ಎರಡೂ ಸೇರಿದರೆ ಬ್ರೇಕು ತುಳಿಯಲು ಸಮಯ ಸಿಗುವುದಿಲ್ಲ.

ಮರುದಿನ

ಕಾರಿನ ಮೇಲೆ ಕೂತ ಸಿಮೆಂಟು ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಮೊದಲು ಪೈಪಿನಲ್ಲಿ ಧಾರಾಳ ನೀರು ಬಿಟ್ಟು ಇಳಿಸಿ. ರಾತ್ರಿ ಇಬ್ಬನಿ ಬಿದ್ದು ಬಿಸಿಲಿಗೆ ಒಣಗಿದರೆ ಅದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಎಸಿ ಫಿಲ್ಟರ್ ಬಿಚ್ಚಿ ಕೊಡವಿ. ಶೂವಿನ ಜೇಡಿ ಪೂರ್ತಿ ಒಣಗಲು ಬಿಟ್ಟರೆ ಬ್ರಷ್ಷಿಗೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ.

ಮಕ್ಕಳಿದ್ದರೆ ಇನ್ನೊಂದು ಕೆಲಸ. ತಾಡಿಪತ್ರಿ ರಸ್ತೆ ಬದಿಯಲ್ಲಿ ಆರಿಸಿಕೊಂಡ ಒಂದು ಕಲ್ಲಿನ ಚೂರು, ಗುಹೆಯ ಒಳಗಿನದಲ್ಲ, ಮತ್ತು ಮನೆ ಹತ್ತಿರದ ಒಂದು ಗ್ರಾನೈಟು ಚೂರು ಪಕ್ಕಪಕ್ಕ ಇಡಿ. ಕಬ್ಬಿಣದ ಮೊಳೆಯಿಂದ ಎರಡನ್ನೂ ಗೀರಿ. ಸುಣ್ಣದ ಕಲ್ಲಿನ ಮೇಲೆ ಬಿಳಿ ಪುಡಿ ಏಳುತ್ತದೆ, ಗ್ರಾನೈಟಿನ ಮೇಲೆ ಹೆಚ್ಚೆಂದರೆ ಮೊಳೆಯ ಗುರುತು. ಆ ಪುಡಿಯ ಮೇಲೆ ನಿಂಬೆರಸ ಎರಡು ಹನಿ ಹಿಂಡಿ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಗ್ರಾನೈಟಿನ ಮೇಲೆ ರಸ ಹಾಗೇ ನಿಂತಿರುತ್ತದೆ.